ಪೂರ್ವಿ ಬೇಲಿಫ್ ಆದಳು

ಕೊರಿಯರ್‌ನವನು ಬಂದರೆ ನಾವು ಓಡಿಹೋಗಿ ಸಹಿ ಹಾಕುತ್ತೇವೆ. ಪಕ್ಕದ ಮನೆಯವರ ಪಾರ್ಸೆಲ್ ಆದರೂ ಹಾಕುತ್ತೇವೆ. ಅದೇ ಬಗಲಲ್ಲಿ ಫೈಲು ಇಟ್ಟುಕೊಂಡು ಒಬ್ಬರು ಗೇಟಿನ ಮುಂದೆ ನಿಂತು ‘ಕೋರ್ಟಿನಿಂದ ಬಂದಿದ್ದೇನೆ’ ಎಂದರೆ ಮಾತ್ರ ಮನೆಯಲ್ಲಿ ಇದ್ದವರೆಲ್ಲ ಇಲ್ಲದವರಾಗಿಬಿಡುತ್ತಾರೆ. ಟೀವಿ ಆರುತ್ತದೆ, ಫ್ಯಾನು ನಿಲ್ಲುತ್ತದೆ. ಕುಕ್ಕರ್ ಮಾತ್ರ ಕೂಗುತ್ತಲೇ ಇರುತ್ತದೆ, ಅದಕ್ಕೆ ಯಾರು ಹೇಳಬೇಕು?

ನಾನು ಅನಸೂಯ, ಮೈಸೂರು ಕಡೆಯವಳು. ನಮ್ಮ ಯಜಮಾನರು ರೈಲ್ವೆಯಿಂದ ನಿವೃತ್ತರಾದ ಮೇಲೆ ನಾವು ನಾಗಪುರದಲ್ಲೇ ಉಳಿದೆವು. ಉಮರೇಡ್ ರಸ್ತೆಯ ಒಂದು ಲೇಔಟ್‌ನಲ್ಲಿ ಮನೆ. ನಾಲ್ಕು ವರ್ಷಗಳಿಂದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸ್ವಯಂಸೇವಕಿಯಾಗಿದ್ದೇನೆ. ಅಂದರೆ ನಾನು ವಕೀಲೆಯಲ್ಲ. ಯಾವ ಕಾಗದ ಹಿಡಿದು ಯಾವ ಬಾಗಿಲಿಗೆ ಹೋಗಬೇಕು ಎಂದು ಜನರಿಗೆ ದಾರಿ ತೋರಿಸುವವಳು. ಕಾಮಠಿಯವರೆಗೂ ಹೋಗಿ ಕರಪತ್ರ ಹಂಚಿದ್ದೇನೆ, ಸಭೆಗಳಲ್ಲಿ ಗಂಟಲು ಹರಿದುಕೊಂಡಿದ್ದೇನೆ. ಆದರೆ ನಮ್ಮ ಮನೆಯಿಂದ ನಾಲ್ಕನೇ ಮನೆಯಲ್ಲಿ ಕೋರ್ಟಿನ ಸಮನ್ಸ್ ಬಚ್ಚಿಟ್ಟುಕೊಂಡಿದ್ದರು, ನನಗೆ ಅದರ ವಾಸನೆಯೂ ಬಡಿಯಲಿಲ್ಲ. ಆ ಮನೆಯವರ ಒಪ್ಪಿಗೆ ಪಡೆದೇ ಈ ಕಥೆ ಹೇಳುತ್ತಿದ್ದೇನೆ. “ಹೆಸರು ಹಾಕ್ರಿ ಅಕ್ಕಾರ, ಮಂದಿ ನನ್ನ ನೋಡೇ ಕಲೀಲಿ” ಎಂದು ಮಲ್ಲೇಶಪ್ಪನವರೇ ಹೇಳಿದ್ದಾರೆ.

ಮಲ್ಲೇಶಪ್ಪನವರು ಧಾರವಾಡ ಕಡೆಯವರು. ಸೇನೆಗೆ ಮದ್ದುಗುಂಡು ತಯಾರಿಸುವ ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ಮಷಿನ್ ಕೆಲಸ. ಹೆಂಡತಿ ಅಂಬುಜಾ, ಒಂಬತ್ತನೇ ತರಗತಿಯ ಮಗಳು ಪೂರ್ವಿ. ಹನ್ನೊಂದು ವರ್ಷ ಕ್ವಾರ್ಟರ್ಸ್‌ನಲ್ಲಿದ್ದು ನಮ್ಮ ಲೇಔಟ್‌ನಲ್ಲಿ ಮನೆ ಕಟ್ಟಿಸಿದರು. ಕ್ವಾರ್ಟರ್ಸ್‌ನ ಅಡುಗೆಮನೆಯಲ್ಲಿ ಅಂಬುಜಾ ರೊಟ್ಟಿ ಬಡಿಯಲು ಕೂತರೆ ಇನ್ನೊಬ್ಬರು ಒಳಗೆ ಕಾಲಿಡುವಂತಿರಲಿಲ್ಲ. ಹಾಗಾಗಿ ಹೊಸ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೋಣೆ ಅಡುಗೆಮನೆಯೇ ಆಯಿತು. ಗೊಂದಲ ಶುರುವಾದದ್ದೂ ಅಲ್ಲಿಂದಲೇ. ಅಡುಗೆಮನೆಯ ಹಿಂಗೋಡೆ ತನ್ನ ಜಾಗದೊಳಗೆ ಎರಡಡಿ ಬಂದಿದೆ ಎಂದು ಹಿಂದಿನ ಪ್ಲಾಟಿನ ಭೋಯರ್ ಕಾಕಾ ಹೇಳಿದರು. ಬಂದಿಲ್ಲ ಎಂದು ಇವರು. ಮೊದಲು ಮಾತು, ಆಮೇಲೆ ಜೋರು ಮಾತು, ಆಮೇಲೆ ಮಾತೇ ಬಂದ್. ಕಡೆಗೆ, ಗೋಡೆ ಒಡೆಸಬೇಕು ಎಂದು ಭೋಯರ್ ಕಾಕಾ ಕೋರ್ಟಿಗೆ ಹೋದರು. ಗೋಡೆ ಹೋದರೆ ಅಡುಗೆಮನೆಯೇ ಹೋದಂತೆ.

ಈ ಸುದ್ದಿ ಕಿವಿಗೆ ಬಿದ್ದಾಗ ಮಲ್ಲೇಶಪ್ಪನವರು ಸಲಹೆ ಕೇಳಿದ್ದು ನನ್ನನ್ನಲ್ಲ, ಹುಬ್ಬಳ್ಳಿಯಲ್ಲಿರುವ ಅಂಬುಜಾ ಅವರ ತಮ್ಮ ಗುರುಪ್ರಸಾದನನ್ನು. ಅಲ್ಲಿನ ಕೋರ್ಟಿನ ಎದುರು ಆತನದು ಝೆರಾಕ್ಸ್ ಅಂಗಡಿ. ದಿನವೂ ವಕೀಲರ ಕಾಗದ ಝೆರಾಕ್ಸ್ ಮಾಡಿ ಮಾಡಿ ತಾನೂ ಅರ್ಧ ವಕೀಲನಾದೆ ಎಂದು ನಂಬಿಕೊಂಡಿರುವ ಮನುಷ್ಯ. ಆತ ಫೋನಿನಲ್ಲಿ ಖಡಾಖಂಡಿತ ಹೇಳಿಬಿಟ್ಟ: “ಭಾವಾರ, ಕಾಗದ ತಗೋಬ್ಯಾಡ್ರಿ. ನಿಮ್ಮ ಸಹಿ ಇಲ್ಲಂದ್ರ ಕೇಸೂ ಇಲ್ಲ.” ಇದಕ್ಕೆ ಮಲ್ಲೇಶಪ್ಪನವರು ತಮ್ಮದೂ ಒಂದು ತರ್ಕ ಸೇರಿಸಿಕೊಂಡರು. ಕಾಗದ ಇರುವುದು ಮರಾಠಿಯಲ್ಲಿ, ನನಗೆ ಮರಾಠಿ ಓದಲು ಬರುವುದಿಲ್ಲ, ಓದಲು ಬಾರದ ಕಾಗದ ನನಗೆ ಹೇಗೆ ಅಂಟುತ್ತದೆ ಎಂದು. ಇಪ್ಪತ್ತು ವರ್ಷ ನಾಗಪುರದ ನೀರು ಕುಡಿದವರು ಹೇಳುವ ಮಾತು ಇದು.

ಜೂನ್ ತಿಂಗಳ ಒಂದು ಬೆಳಿಗ್ಗೆ ಬೇಲಿಫ್ ಬಂದರು. ಕೋರ್ಟಿನ ಸಮನ್ಸನ್ನು ಮನೆಮನೆಗೆ ತಲುಪಿಸುವ ನೌಕರರನ್ನು ಬೇಲಿಫ್ ಎನ್ನುತ್ತಾರೆ. ಅಂದು ಎರಡನೇ ಪಾಳಿ ಇದ್ದುದರಿಂದ ಮಲ್ಲೇಶಪ್ಪನವರು ಒಳಗೆ ಚಹಾ ಕುಡಿಯುತ್ತ ಕೂತಿದ್ದರು. ಮಗಳ ಕಿವಿಯಲ್ಲಿ ಏನೋ ಹೇಳಿ ಬಾಗಿಲಿಗೆ ಕಳಿಸಿದರು. ಪೂರ್ವಿ ಹೋಗಿ, ಪಪ್ಪಾ ಧಾರವಾಡಕ್ಕೆ ಹೋಗಿದ್ದಾರೆ ಎಂದು ಮರಾಠಿಯಲ್ಲಿ ಒಪ್ಪಿಸಿ ಬಂದಳು. ಕೆಲವು ದಿನ ಬಿಟ್ಟು ಬೇಲಿಫ್ ಮತ್ತೆ ಬಂದಾಗ ಒಳಗಿನಿಂದ ಚಿಲಕ ಹಾಕಿಕೊಂಡು ಮೂವರೂ ಉಸಿರು ಬಿಗಿ ಹಿಡಿದು ಕೂತರು. ಬೇಲಿಫ್ ಅಕ್ಕಪಕ್ಕದವರನ್ನು ವಿಚಾರಿಸಿ, ಸಮನ್ಸಿನ ಒಂದು ಪ್ರತಿಯನ್ನು ಬಾಗಿಲಿಗೆ ಅಂಟಿಸಿ ಹೋದರು. ಯಾರಾದರೂ ನೋಡಿಯಾರು ಎಂದು ಮಲ್ಲೇಶಪ್ಪನವರು ಅದನ್ನು ಕಿತ್ತು ಹೆಂಡತಿಯ ಕೈಗೆ ಕೊಟ್ಟು, ಎಸೆದುಬಿಡು ಎಂದರು. ಪೀಡೆ ತೊಲಗಿತು ಎಂದುಕೊಂಡು ಪಾಳಿಗೆ ಹೋದರು.

ಜುಲೈನಲ್ಲಿ ಪೂರ್ವಿಯ ಶಾಲೆಯಲ್ಲಿ ಅಣಕು ನ್ಯಾಯಾಲಯ ಸ್ಪರ್ಧೆಯ ಸುದ್ದಿ ಹಬ್ಬಿತು. ನಗರದ ಶಾಲೆಗಳ ನಡುವಿನ ಸ್ಪರ್ಧೆ ಅದು. ಎಲ್ಲ ತಂಡಗಳಿಗೂ ಒಂದೇ ಕಾಲ್ಪನಿಕ ಕೇಸಿನ ಫೈಲು ಕೊಡುತ್ತಾರೆ. ಮಕ್ಕಳೇ ವಕೀಲರು, ಮಕ್ಕಳೇ ಸಾಕ್ಷಿಗಳು. ನ್ಯಾಯಾಧೀಶರ ಕುರ್ಚಿಯಲ್ಲಿ ಮಾತ್ರ ನಿಜವಾದ ವಕೀಲರು ಕೂತು ಅಂಕ ಕೊಡುತ್ತಾರೆ. ಒಂದು ಕಟ್ಟುನಿಟ್ಟಿನ ನಿಯಮ ಇದೆ. ಫೈಲಿನಲ್ಲಿ ಇಲ್ಲದ ಸಂಗತಿಯನ್ನು ಸಾಕ್ಷಿ ತನ್ನ ತಲೆಯಿಂದ ಹುಟ್ಟಿಸಿ ಹೇಳುವಂತಿಲ್ಲ. ಹೇಳಿದರೆ ಎರಡು ಅಂಕ ಕಡಿತ.

ಪೂರ್ವಿಯ ಶಾಲೆಯ ತಂಡಕ್ಕೆ ತರಬೇತಿ ಕೊಡಲು ಬಂದವರು ನಮ್ಮ ಪ್ರಾಧಿಕಾರದ ಪಟ್ಟಿಯಲ್ಲಿದ್ದ ವಕೀಲೆ ಸ್ವಪ್ನಾ. ವಯಸ್ಸು ಚಿಕ್ಕದು, ಬುದ್ಧಿ ಚುರುಕು. ಆ ಸಲದ ಕೇಸು ಹೀಗಿತ್ತು. ಆನಂದ್ ಎಂಬ ಅಂಗಡಿಯವನ ಮೇಲೆ ಒಂದು ದಾವೆ ಇತ್ತು, ಅವನು ಕೋರ್ಟಿಗೆ ಬರಲಿಲ್ಲ, ಅವನಿಲ್ಲದೆಯೇ ತೀರ್ಪಾಯಿತು. ಈಗ ಬಂದು, ಸಮನ್ಸ್ ನನಗೆ ತಲುಪಲೇ ಇಲ್ಲ, ಕೇಸು ಮತ್ತೆ ನಡೆಸಿ ಎನ್ನುತ್ತಾನೆ. ಪೂರ್ವಿಯ ತಂಡದ್ದು ಎದುರು ಪಕ್ಷ. ಸಮನ್ಸ್ ಸರಿಯಾಗಿಯೇ ತಲುಪಿದೆ ಎಂದು ಅವರು ತೋರಿಸಬೇಕು. ಅದಕ್ಕೆ ಅವರ ಮುಖ್ಯ ಸಾಕ್ಷಿ ಬೇಲಿಫ್. ಆ ಪಾತ್ರ ಪೂರ್ವಿಯ ಪಾಲಿಗೆ ಬಂತು.

ಅಂಬುಜಾ ಮುಖ ಸಣ್ಣ ಮಾಡಿಕೊಂಡು ನಮ್ಮ ಮನೆಗೆ ಬಂದರು. ಮಗಳು ವಕೀಲೆಯಾಗುತ್ತಾಳೆ ಎಂದು ಸೀತಾಬರ್ಡಿ ಪೇಟೆಗೆ ಹೋಗಿ ಕರಿ ಕೋಟಿನ ಬಟ್ಟೆ ತಂದಿಟ್ಟಿದ್ದರಂತೆ. “ಎಲ್ಲಾ ಬಿಟ್ಟು ಬೇಲಿಫ್ ಮಾಡ್ಯಾರ ನೋಡ್ರಿ ನನ್ನ ಮಗಳನ್ನ” ಎಂದು ಅವರು ಸಂಕಟಪಟ್ಟರೆ, ಸಾಕ್ಷಿಗೂ ವಕೀಲನಷ್ಟೇ ಅಂಕ ಇದೆ ಎಂದು ನಾನು ಸಮಾಧಾನ ಹೇಳಿದೆ. ಅವರ ಸಂಕಟದ ಬೇರು ಎಲ್ಲಿತ್ತೆಂದು ಆಗ ನನಗೆ ಹೊಳೆಯಲಿಲ್ಲ.

ಪೂರ್ವಿ ಭಾನುವಾರಗಳಂದು ನನ್ನ ಹತ್ತಿರ ಕನ್ನಡ ಓದಲು ಬರುತ್ತಾಳೆ. ಮಾತು ಚೆನ್ನಾಗಿದೆ, ಅಕ್ಷರ ಕಂಡರೆ ತಡವರಿಸುತ್ತಾಳೆ. ಆ ತಿಂಗಳು ಕನ್ನಡ ಬದಿಗಿಟ್ಟು ಸಾಕ್ಷಿ ಹೇಳುವುದನ್ನೇ ಅಭ್ಯಾಸ ಮಾಡಿದೆವು. ನಾನು ಎದುರು ಪಕ್ಷದ ವಕೀಲೆ. ಹುಡುಗಿ ಎಲ್ಲ ಉತ್ತರ ಪಟಪಟನೆ ಹೇಳುತ್ತಿದ್ದಳು. ‘ಬಾಗಿಲಿಗೆ ಒಂದು ಮಗು ಬಂದು, ಅಪ್ಪ ಊರಿಗೆ ಹೋಗಿದ್ದಾರೆ ಎಂದಿತು’ ಎಂಬ ಒಂದು ಸಾಲು ಬಂದರೆ ಮಾತ್ರ ನಿಲ್ಲುತ್ತಿದ್ದಳು. ಸಭಾಕಂಪ ಇರಬೇಕು ಎಂದು ನಾನು ನೀರು ಕೊಟ್ಟೆ. ಎಂಥ ದಡ್ಡಿ ನಾನು.

ಆಗಸ್ಟ್‌ನ ಎರಡನೇ ಶನಿವಾರ ಒಂದು ಕಾನೂನು ಕಾಲೇಜಿನ ಸಭಾಂಗಣದಲ್ಲಿ ಸ್ಪರ್ಧೆ. ಮಲ್ಲೇಶಪ್ಪನವರು ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು, ಅಂಬುಜಾ ಜೊತೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಎಲ್ಲವೂ ಹಿಂದಿಯಲ್ಲಿ ನಡೆಯಿತು, ನಾನು ಕನ್ನಡದಲ್ಲಿ ಹೇಳುತ್ತೇನೆ. ಪೂರ್ವಿ ಸಾಕ್ಷಿಕಟ್ಟೆ ಹತ್ತಿ, ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿದಳು. ಎರಡು ಸಲ ಹೋದದ್ದು, ನೆರೆಯವರನ್ನು ಕೇಳಿದ್ದು, ಬಾಗಿಲಿಗೆ ಅಂಟಿಸಿದ್ದು, ಒಂದೂ ತಪ್ಪಿಲ್ಲದೆ ಹೇಳಿದಳು. ಆಮೇಲೆ ಇನ್ನೊಂದು ಶಾಲೆಯ ಅಭಿನವ್ ಎಂಬ ಹುಡುಗ ಪಾಟಿ ಸವಾಲಿಗೆ ಎದ್ದ. ಕನ್ನಡಕದ ಹುಡುಗ, ಮಾತು ಸೂಜಿಯ ಹಾಗೆ. ಅಪ್ಪ ಊರಿಗೆ ಹೋಗಿದ್ದಾನೆಂದು ಮಗು ಹೇಳಿದ ಮೇಲೂ ನೀವು ನಂಬಲಿಲ್ಲ, ಒಂದು ಪುಟ್ಟ ಮಗು ಸುಳ್ಳು ಹೇಳುತ್ತಿದೆ ಎಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದ.

ಫೈಲಿನ ಪ್ರಕಾರ ಉತ್ತರ ಸುಲಭವಿತ್ತು. ‘ಅದು ನನಗೆ ಗೊತ್ತಿಲ್ಲ, ನಿಯಮದಂತೆ ಮತ್ತೊಮ್ಮೆ ಹೋದೆ.’ ನೂರು ಸಲ ಹೇಳಿಸಿದ್ದೆ. ಪೂರ್ವಿ ಅದನ್ನು ಹೇಳಲಿಲ್ಲ. ಬೇರೆಯೇ ಹೇಳಿದಳು.

“ಆ ಮಗು ನನ್ನ ಮುಖ ನೋಡಲಿಲ್ಲ. ನನ್ನ ಚಪ್ಪಲಿ ನೋಡಿಕೊಂಡು ಒಂದೇ ಉಸಿರಿಗೆ ಹೇಳಿಬಿಟ್ಟಿತು. ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸುವ ಹಾಗೆ. ಬಾಗಿಲು ಹಾಕಿಕೊಂಡ ಮೇಲೆ ಅದು ಬಚ್ಚಲಿಗೆ ಹೋಗಿ ಅತ್ತಿತು.”

ಅಭಿನವ್ ಥಟ್ಟನೆ ಆಕ್ಷೇಪಣೆ ಎತ್ತಿದ. ಇದೆಲ್ಲ ಫೈಲಿನಲ್ಲಿಲ್ಲ, ಮುಚ್ಚಿದ ಬಾಗಿಲಿನ ಹಿಂದೆ ಮಗು ಅತ್ತದ್ದು ಬೇಲಿಫ್‌ಗೆ ಹೇಗೆ ಕಂಡಿತು ಎಂದ. ನ್ಯಾಯವಾದ ಮಾತೇ. ಪೀಠದಲ್ಲಿದ್ದ ಹಿರಿಯ ವಕೀಲರು ಒಪ್ಪಿದರು, ಸಾಕ್ಷಿ ಕಲ್ಪನೆ ಮಾಡಿ ಹೇಳುತ್ತಿದ್ದಾಳೆ ಎಂದು ಎರಡು ಅಂಕ ಕಳೆದರು. ಅದು ಕಲ್ಪನೆಯಲ್ಲ ಎಂದು ಆ ಸಭಾಂಗಣದಲ್ಲಿ ಗೊತ್ತಿದ್ದುದು ಮುಂದಿನ ಸಾಲಿನಲ್ಲಿ ಕೂತಿದ್ದ ತಂದೆತಾಯಿಗೆ ಮಾತ್ರ. ನಾನು ತಿರುಗಿ ನೋಡಿದರೆ ಮಲ್ಲೇಶಪ್ಪನವರು ತಲೆ ತಗ್ಗಿಸಿದ್ದರು, ಅಂಬುಜಾ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು.

ಪೂರ್ವಿಯ ತಂಡ ಒಂದು ಅಂಕದಿಂದ ಸೋತಿತು. ಕೊನೆಯಲ್ಲಿ ಆ ಹಿರಿಯ ವಕೀಲರು ಮಕ್ಕಳಿಗೆ ನಿಜವಾದ ಕಾನೂನು ಏನೆಂದು ವಿವರಿಸಿದರು. ಸಮನ್ಸ್ ತೆಗೆದುಕೊಳ್ಳಲು ಒಪ್ಪದಿದ್ದರೆ, ಅಥವಾ ಆಸಾಮಿ ಸಿಗದೆ ಬೇಲಿಫ್ ಅದನ್ನು ಬಾಗಿಲಿಗೆ ಅಂಟಿಸಿ ಬಂದರೆ, ಅದು ತಲುಪಿದಂತೆಯೇ ಎಂದು ಕೋರ್ಟು ತೀರ್ಮಾನಿಸಬಹುದು. ಆಮೇಲೆ ಬರದವರನ್ನು ಬಿಟ್ಟು ಬಂದವರ ಮಾತು ಮಾತ್ರ ಕೇಳಿ ಕೇಸು ಮುಂದೆ ಹೋಗುತ್ತದೆ. ಕಾಗದ ತೆಗೆದುಕೊಂಡು ಸಹಿ ಹಾಕಿದರೆ ತಪ್ಪು ಒಪ್ಪಿಕೊಂಡಂತೆ ಅಲ್ಲ, ಕಾಗದ ಸಿಕ್ಕಿತು ಎಂದಷ್ಟೇ ಅರ್ಥ ಎಂದೂ ಹೇಳಿದರು.

ಹೊರಗೆ ಚಹಾ ಅಂಗಡಿಯ ಹತ್ತಿರ ಮಲ್ಲೇಶಪ್ಪನವರು ನನ್ನನ್ನು ಬದಿಗೆ ಕರೆದರು.

“ಅಕ್ಕಾರ, ಬಾಗಲಕ್ಕ ಹಚ್ಚಿ ಹೋದ್ರ ಅದು ಬರೋಬರ್ ಕೊಟ್ಟಂಗ ಆಕ್ಕೈತೇನ್ರಿ?”

“ಆಗತ್ತೆ ಮಲ್ಲೇಶಪ್ಪನವರೇ. ಯಾರ ಬಾಗಿಲಿಗೆ ಅಂಟಿಸಿದ್ರು?”

ಆಗ ಎಲ್ಲ ಹೊರಬಂತು. ಬೈಯಬೇಕು ಅನ್ನಿಸಿತು, ನಿಜ ಹೇಳುತ್ತೇನೆ. ಅವರ ಮುಖ ನೋಡಿ ಬಿಟ್ಟೆ. ಮೆಟ್ರೋದಲ್ಲಿ ಮನೆಗೆ ಬರುವಾಗ ಅವರು ಮಗಳ ಪಕ್ಕದಲ್ಲಿ ಕೂತು, “ನಿನ್ನ ಬಾಯಿಂದ ಹೇಳಿಸಿದ್ದು ನಂದ ತಪ್ಪವಾ” ಎಂದು ಮೆಲ್ಲಗೆ ಹೇಳಿದರು. ಪೂರ್ವಿ ಅಪ್ಪನ ತೋಳಿಗೆ ತಲೆ ಇಟ್ಟಳು.

ಎಸೆಯಲು ಕೊಟ್ಟ ಕಾಗದವನ್ನು ಅಂಬುಜಾ ಎಸೆದಿರಲಿಲ್ಲ. ಗೋಧಿಹಿಟ್ಟಿನ ಡಬ್ಬಿಯ ಅಡಿಯಲ್ಲಿ ಇಟ್ಟಿದ್ದರು. ಪೂರ್ವಿ ಅದನ್ನು ಮರಾಠಿಯಲ್ಲಿ ಓದಿ ಸಾಲು ಸಾಲಾಗಿ ಅರ್ಥ ಹೇಳಿದಳು. ಕೋರ್ಟಿನ ಹೆಸರು, ಕೇಸಿನ ನಂಬರು, ಹಾಜರಾಗಬೇಕಾದ ದಿನ, ಎಲ್ಲ ಸ್ಪಷ್ಟವಾಗಿತ್ತು. ಆ ದಿನ ಕಳೆದು ಮೂರು ವಾರ ಆಗಿತ್ತು. ಅಂಬುಜಾ ಎದ್ದು ಹೋಗಿ ಅಡುಗೆಮನೆಯ ಗೋಡೆಗೆ ಒರಗಿ ನಿಂತುಬಿಟ್ಟರು. ಗೋಡೆ ಒಡೆಯಿರಿ ಎಂದು ಆಗಲೇ ತೀರ್ಪು ಬಂದಿದ್ದರೆ ಎಂಬ ಭಯ ಮೂವರಲ್ಲೂ ಹೊಕ್ಕಿತು. ನನಗೂ ಇತ್ತು, ತೋರಿಸಿಕೊಳ್ಳಲಿಲ್ಲ.

ಸೋಮವಾರ ಬೆಳಿಗ್ಗೆ ಸಿವಿಲ್ ಲೈನ್ಸ್‌ನ ಜಿಲ್ಲಾ ನ್ಯಾಯಾಲಯಕ್ಕೆ ಹೋದೆವು. ಅಲ್ಲೇ ನಮ್ಮ ಪ್ರಾಧಿಕಾರದ ಕಚೇರಿ. ಮಲ್ಲೇಶಪ್ಪನವರಿಗೆ ಅಲ್ಲೂ ಅನುಮಾನ. ಪುಕ್ಕಟೆ ವಕೀಲರು ಮನಸ್ಸಿಟ್ಟು ಕೆಲಸ ಮಾಡುತ್ತಾರೆಯೇ, ನೌಕರಿ ಇರುವ ತಮಗೆ ಕೊಡುತ್ತಾರೆಯೇ ಎಂದು. ಮನೆ ಗಂಡಹೆಂಡತಿ ಇಬ್ಬರ ಹೆಸರಿನಲ್ಲೂ ಇತ್ತು, ಕೇಸೂ ಇಬ್ಬರ ಮೇಲಿತ್ತು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ ಎಂದು ನಾನು ಅಂಬುಜಾ ಅವರ ಕೈಯಲ್ಲಿ ಅರ್ಜಿ ಬರೆಸಿದೆ. ಕಾರ್ಖಾನೆ ಕಾರ್ಮಿಕರಿಗೂ ಆ ಅವಕಾಶ ಇದೆ ಎಂದು ಮಲ್ಲೇಶಪ್ಪನವರದ್ದನ್ನೂ ಬರೆಸಿದೆ. ಸ್ವಪ್ನಾ ಅವರನ್ನೇ ವಕೀಲೆಯಾಗಿ ಕೊಟ್ಟರು. ಅವರು ಹೋಗಿ ಕೇಸಿನ ಫೈಲು ನೋಡಿಕೊಂಡು ಬರುವ ತನಕ ನಾವು ಬೆಂಚಿನ ಮೇಲೆ ಕೂತಿದ್ದೆವು. ಅಂಬುಜಾ ನನ್ನ ಕೈ ಬಿಡಲಿಲ್ಲ.

ತೀರ್ಪು ಆಗಿರಲಿಲ್ಲ. ಹಾಜರಾಗದ ಕಾರಣ ಇವರನ್ನು ಬಿಟ್ಟು ಕೇಸು ಮುಂದುವರಿಸಲು ಆದೇಶ ಆಗಿತ್ತು. ಭೋಯರ್ ಕಾಕಾ ಅವರ ಸಾಕ್ಷ್ಯಕ್ಕೆ ಸೆಪ್ಟೆಂಬರ್ ಮೊದಲ ವಾರ ದಿನ ಕೊಟ್ಟಿದ್ದರು. ಅಷ್ಟರೊಳಗೆ ಹೋಗಿ, ನಮ್ಮ ಮಾತನ್ನೂ ಕೇಳಿ ಎಂದು ಅರ್ಜಿ ಹಾಕಬಹುದು ಎಂದು ಸ್ವಪ್ನಾ ಹೇಳಿದರು. ಇಷ್ಟು ದಿನ ಯಾಕೆ ಬರಲಿಲ್ಲ ಎಂಬುದಕ್ಕೆ ಮಾತ್ರ ಕಾರಣ ಕೊಡಬೇಕು.

ಕಾರಣ ಎಂದೊಡನೆ ಹುಬ್ಬಳ್ಳಿಯ ಫೋನು ಮತ್ತೆ ಬಂತು. ಧಾರವಾಡದಲ್ಲಿ ಜ್ವರ ಬಂದು ಮಲಗಿದ್ದೆ ಎಂದು ಬರೆಸಿರಿ, ಡಾಕ್ಟರ್ ಸರ್ಟಿಫಿಕೇಟ್ ನಾನು ಕಳಿಸುತ್ತೇನೆ ಎಂದ ಗುರುಪ್ರಸಾದ. ಮಲ್ಲೇಶಪ್ಪನವರು ಒಂದು ಕ್ಷಣ ಮಗಳ ಕಡೆ ನೋಡಿದರು. ಆಮೇಲೆ, ನೀನು ಝೆರಾಕ್ಸ್ ಅಷ್ಟೇ ಮಾಡಪ್ಪ ಎಂದು ಫೋನು ಇಟ್ಟರು. ಆ ಮಾತಿಗೆ ಅಂಬುಜಾ ಎಷ್ಟೋ ತಿಂಗಳ ಮೇಲೆ ಮೊದಲ ಸಲ ನಕ್ಕರು.

ಸೆಪ್ಟೆಂಬರಿನ ಆ ದಿನ ಕೋರ್ಟಿನಲ್ಲಿ ಹೆಸರು ಕೂಗಿದಾಗ ಮಲ್ಲೇಶಪ್ಪನವರು ಅಂಗಿಯ ಗುಂಡಿ ಸರಿ ಮಾಡಿಕೊಂಡು ಮುಂದೆ ಹೋದರು. ನ್ಯಾಯಾಧೀಶರು ಅರ್ಜಿ ಓದಿ, ಬೇಲಿಫ್ ಬಂದಾಗ ನೀವು ಎಲ್ಲಿದ್ದಿರಿ ಎಂದು ನೇರವಾಗಿ ಅವರನ್ನೇ ಕೇಳಿದರು. ಅವರು ಉತ್ತರ ಹೇಳಿದ್ದು ಹಿಂದಿಯಲ್ಲಿ, ನನಗೆ ಕೇಳಿಸಿದ್ದು ಅವರ ಕನ್ನಡದಲ್ಲೇ.

“ಮನ್ಯಾಗ ಇದ್ದೆ ಸಾಹೇಬರ. ಒಳಗ ಕುಂತು ಚಾ ಕುಡೀತಿದ್ದೆ. ಕೋರ್ಟಂದ್ರ ಅಂಜಿಕಿ ಬಂತು, ಮಗಳ ಕಡಿಂದ ಸುಳ್ಳು ಹೇಳಿಸಿದೆ.”

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಅವರನ್ನು ನೋಡಿದರು. ಊರಲ್ಲಿರಲಿಲ್ಲ, ಹುಷಾರಿರಲಿಲ್ಲ ಎಂದು ದಿನಕ್ಕೆ ಹತ್ತು ಅರ್ಜಿ ಓದುವವರು ಅವರು. ಚೆನ್ನಾಗಿ ಗದರಿದರು. ಕೋರ್ಟಿನ ಬಾಗಿಲು ಇರುವುದೇ ಇಬ್ಬರ ಮಾತನ್ನೂ ಕೇಳಲು, ನಿಮ್ಮ ಬಾಗಿಲು ನೀವು ಮುಚ್ಚಿಕೊಂಡರೆ ಕೇಳುವುದು ಹೇಗೆ ಎಂದರು. ಭೋಯರ್ ಕಾಕಾ ಅವರ ವಕೀಲರು ತಕರಾರು ತೆಗೆಯಲು ಎದ್ದರು, ಕಾಕಾ ತಾವೇ ವಕೀಲರ ತೋಳು ಹಿಡಿದು ಕೂರಿಸಿದರು. ಹಿಂದಿನ ಆದೇಶ ರದ್ದಾಯಿತು. ಉತ್ತರ ಸಲ್ಲಿಸಲು ಸಮಯ ಸಿಕ್ಕಿತು. ಹೊರಗೆ ಬಂದ ಮಲ್ಲೇಶಪ್ಪನವರು ವರಾಂಡದಲ್ಲೇ ಕೂತು ಮುಖ ಮುಚ್ಚಿಕೊಂಡರು. “ಎದಿ ಹಗುರಾತು ರೀ ಅಕ್ಕಾರ” ಎಂದರು. ನನ್ನ ಕಣ್ಣೂ ಒದ್ದೆಯಾಯಿತು, ಹೇಳಿಕೊಳ್ಳಲು ನಾಚಿಕೆ ಏನು.

ಎಲ್ಲ ನ್ಯಾಯಾಧೀಶರೂ, ಎಲ್ಲ ಸಲವೂ ಹೀಗೆ ಅವಕಾಶ ಕೊಟ್ಟೇ ಕೊಡುತ್ತಾರೆ ಎಂದು ನಾನು ಹೇಳಲಾರೆ. ಇವರು ಒಂದು ತಿಂಗಳು ತಡಮಾಡಿದ್ದರೆ ಗೋಡೆಯ ಕಥೆ ಬೇರೆ ಆಗುತ್ತಿತ್ತು. ಮುಂದೆ ಕೋರ್ಟಿನ ಆದೇಶದ ಮೇಲೆ ಸರ್ವೆಯವರು ಬಂದು ಟೇಪು ಹಿಡಿದರು. ಅಡುಗೆಮನೆಯ ಗೋಡೆ ತನ್ನ ಜಾಗದಲ್ಲೇ ಇತ್ತು. ಅದರ ಹಿಂದಿನ ಬಟ್ಟೆ ಒಗೆಯುವ ಕಟ್ಟೆ ಮಾತ್ರ ಒಂದು ಗೇಣು ಆಚೆ ಹೋಗಿತ್ತು. ಕಟ್ಟೆ ಒಡೆಸುತ್ತೇನೆ ಎಂದು ಇವರು, ಅಷ್ಟು ಸಾಕು ಎಂದು ಅವರು, ಲೋಕ ಅದಾಲತ್ತಿನಲ್ಲಿ ಇಬ್ಬರೂ ಸಹಿ ಹಾಕಿದರು. ಆ ಅಡುಗೆಮನೆಯಲ್ಲಿ ಮಾಡಿದ ರೊಟ್ಟಿ, ಎಣ್ಣೆಗಾಯಿ ಪಲ್ಯವನ್ನು ಕಟ್ಟಿಕೊಂಡು ಭೋಯರ್ ಕಾಕಾ ಅವರ ಮನೆಗೆ ಹೋದವಳು ಪೂರ್ವಿ. ಈ ಸಲ ಅವಳಿಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ಇದನ್ನು ಓದುತ್ತಿರುವ, ಕನ್ನಡ ಸಂಘದಲ್ಲಿ ಕೂತು ಕೇಳುತ್ತಿರುವ ನಿಮಗೆ ನೇರವಾಗಿ ಹೇಳುತ್ತೇನೆ. ಕೋರ್ಟಿನ ಸಮನ್ಸ್ ಬಂದರೆ ಅದು ನಿಮ್ಮನ್ನು ಜೈಲಿಗೆ ಕರೆಯುವ ಕಾಗದ ಎಂದು ಹೆದರಬೇಡಿ, ನಿಮ್ಮ ಮಾತು ಕೇಳುತ್ತೇವೆ ಬನ್ನಿ ಎನ್ನುವ ಕಾಗದ ಅದು. ತಂದವರ ಗುರುತಿನ ಚೀಟಿ ಕೇಳಿ ನೋಡಿ. ಕಾಗದ ತೆಗೆದುಕೊಳ್ಳಿ, ಕೇಸಿನ ನಂಬರು ಮತ್ತು ಹಾಜರಾಗಬೇಕಾದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಭಾಷೆ ಬರದಿದ್ದರೆ ಬರುವವರಿಂದ ಓದಿಸಿ. ಭಾಷೆ ಬಾರದು ಎಂದು ಕೋರ್ಟಿನ ದಿನ ಕಾಯುವುದಿಲ್ಲ. ವಕೀಲರನ್ನು ಇಡುವ ಶಕ್ತಿ ಇಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದ ಕಾನೂನು ಸೇವಾ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನು ಮಾಡಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಮಿಕರು, ಕಡಿಮೆ ಆದಾಯದವರು, ಎಲ್ಲರಿಗೂ ಅಲ್ಲಿ ವಕೀಲರು ಉಚಿತ. ದಿನ ತಪ್ಪಿಹೋಗಿದ್ದರೂ ಕೈಚೆಲ್ಲಬೇಡಿ, ಇವತ್ತೇ ಹೋಗಿ ವಿಚಾರಿಸಿ. ಮತ್ತೆ, ದಯವಿಟ್ಟು, ಬಾಗಿಲು ತೆಗೆಯಲು ನೀವೇ ಏಳಿ, ಮಕ್ಕಳನ್ನು ಕಳಿಸಬೇಡಿ.